ದಿವಾಳಿಯ ಹೊಸ್ತಿಲಲ್ಲಿ ಠಾಕೂರ ಮನೆತನ: ೧೮೪೮ರ ಒಂದು ನಿರ್ಧಾರ

ಮಹರ್ಷಿ ದೇವೇಂದ್ರನಾಥ ಠಾಕೂರರನ್ನು ನಾವು ಬ್ರಾಹ್ಮಸಮಾಜದ ಆಚಾರ್ಯರೆಂದು, ಕವಿ ರವೀಂದ್ರರ ತಂದೆಯೆಂದು ಬಲ್ಲೆವು. ಅವರು ತಮ್ಮ ಮೂವತ್ತನೆಯ ವಯಸ್ಸಿನಲ್ಲಿ, ಸುಮಾರು ಒಂದು ಕೋಟಿ ರೂಪಾಯಿ ಸಾಲವಿದ್ದ ವ್ಯಾಪಾರಸಂಸ್ಥೆಯೊಂದರ ಪಾಲುದಾರರಾಗಿ ಸಾಲ ಕೊಟ್ಟವರೆದುರು ನಿಂತ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಅದು ಧಾರ್ಮಿಕ ಚರಿತ್ರೆಗೆಷ್ಟೋ ಆರ್ಥಿಕ ಚರಿತ್ರೆಗೂ ಅಷ್ಟೇ ಸೇರಿದ್ದು.

ತಂದೆ ದ್ವಾರಕಾನಾಥರು ೧೮೩೪ರಲ್ಲಿ ಕಾರ್, ಠಾಕೂರ್ ಅಂಡ್ ಕಂಪನಿಯನ್ನು ಸ್ಥಾಪಿಸಿದರು. ನೀಲಿ, ರೇಷ್ಮೆ, ಸಕ್ಕರೆ, ಕಲ್ಲಿದ್ದಲು, ಹಡಗು ಇವೆಲ್ಲವೂ ಅದರ ವ್ಯವಹಾರದೊಳಗಿದ್ದವು. ಕಲಕತ್ತೆಯ ಯೂನಿಯನ್ ಬ್ಯಾಂಕಿನ ಮೇಲೂ ದ್ವಾರಕಾನಾಥರ ಹಿಡಿತವಿತ್ತು. ೧೮೪೬ರ ಆಗಸ್ಟಿನಲ್ಲಿ ಅವರು ಲಂಡನ್ನಿನಲ್ಲಿ ತೀರಿಕೊಂಡರು. ಮರುವರ್ಷ ಲಂಡನ್ನಿನಲ್ಲಿ ತಲೆದೋರಿದ ಹಣಕಾಸಿನ ಬಿಕ್ಕಟ್ಟಿನಲ್ಲಿ ಭಾರತದೊಡನೆ ವ್ಯಾಪಾರ ನಡೆಸುತ್ತಿದ್ದ ಸಂಸ್ಥೆಗಳು ಸಾಲುಸಾಲಾಗಿ ಬಿದ್ದವು. ನೀಲಿಯ ಬೆಳೆಗೆ ವಿಪರೀತ ಸಾಲ ಕೊಟ್ಟಿದ್ದ ಯೂನಿಯನ್ ಬ್ಯಾಂಕು ೧೮೪೮ರ ಆರಂಭದಲ್ಲಿ ಕುಸಿಯಿತು. ಠಾಕೂರರ ಕಂಪನಿ ನಿಂತದ್ದು ಮಾತ್ರ ಒಂದು ಸಣ್ಣ ಮೊತ್ತದಿಂದ. ಮೂವತ್ತು ಸಾವಿರ ರೂಪಾಯಿಯ ಹುಂಡಿಯೊಂದರ ಅವಧಿ ಮುಗಿದಿತ್ತು. ಸಂಜೆಯವರೆಗೆ ಕಾದರೂ ಹಣ ಒದಗಲಿಲ್ಲ. ಹುಂಡಿ ತಂದವನು ಬರಿಗೈಯಲ್ಲಿ ಹಿಂದಿರುಗಿದನು. ಕೋಟಿಯ ವ್ಯವಹಾರವುಳ್ಳ ಮನೆಯ ಪತ್ತು ಅಂದಿಗೆ ಮುಗಿಯಿತು.

ಆಗ ದೇವೇಂದ್ರನಾಥರಿಗೆ ಕಾನೂನು ತೋರಿದ ದಾರಿ ಮುಚ್ಚಿರಲಿಲ್ಲ. ೧೮೨೮ರ ಪಾರ್ಲಿಮೆಂಟ್ ಶಾಸನದಂತೆ ಕಲಕತ್ತೆ, ಮದರಾಸು, ಮುಂಬಯಿಗಳಲ್ಲಿ ದಿವಾಳಿ ನ್ಯಾಯಾಲಯಗಳು ಏರ್ಪಟ್ಟಿದ್ದವು. ೧೮೩೦ರಲ್ಲಿ ಪಾಮರ್ ಕಂಪನಿ ಮೊದಲಾಗಿ ಕಲಕತ್ತೆಯ ದೊಡ್ಡ ದೊಡ್ಡ ಯುರೋಪಿಯನ್ ಏಜೆನ್ಸಿ ಮನೆಗಳು ಐದಾರು ವರ್ಷಗಳೊಳಗೆ ಮುಳುಗಿಹೋಗಿದ್ದವು. ಅವನ್ನು ನಂಬಿ ಹಣವಿಟ್ಟವರ ಪಾಡು ನಗರದ ನೆನಪಿನಿಂದ ಇನ್ನೂ ಮಾಸಿರಲಿಲ್ಲ. ದಿವಾಳಿಯ ಕಾನೂನನ್ನು ವಿಸ್ತರಿಸಿದ ಹೊಸ ಶಾಸನವೂ ಅದೇ ೧೮೪೮ರಲ್ಲಿ ಬಂದಿತು.

ಇದಕ್ಕಿಂತ ಭದ್ರವಾದ ಆಶ್ರಯವೊಂದು ಮನೆಯಲ್ಲಿಯೇ ಇತ್ತು. ವ್ಯಾಪಾರದ ಏರಿಳಿತಗಳನ್ನು ಚೆನ್ನಾಗಿ ಅರಿತಿದ್ದ ದ್ವಾರಕಾನಾಥರು, ಇನ್ನೂ ಸಿರಿವಂತರಾಗಿದ್ದಾಗಲೇ, ೧೮೪೦ರಲ್ಲಿ, ಬಿರಾಹಿಮಪುರ, ಶಾಹಜಾದಪುರ, ಕಾಲಿಗ್ರಾಮ ಮೊದಲಾದ ಜಮೀನುದಾರಿಗಳನ್ನು ಟ್ರಸ್ಟಿಗೆ ಬರೆದುಕೊಟ್ಟಿದ್ದರು. ಕಂಪನಿಯ ಸಾಲಕ್ಕಾಗಿ ಅವನ್ನು ಯಾರೂ ಮುಟ್ಟುವಂತಿರಲಿಲ್ಲ. ಲೆಕ್ಕ ತೆಗೆದಾಗ ಕೊಡತಕ್ಕದ್ದು ಒಂದು ಕೋಟಿ, ಬರತಕ್ಕದ್ದು ಎಪ್ಪತ್ತು ಲಕ್ಷ. ಮೂವತ್ತು ಲಕ್ಷದ ಕೊರತೆ. ಸಾಲ ಕೊಟ್ಟವರ ಸಭೆಯಲ್ಲಿ ಕಂಪನಿಯ ಮುಖ್ಯ ನೌಕರನು ಈ ಲೆಕ್ಕವನ್ನು ಓದಿ, ಟ್ರಸ್ಟಿನ ಆಸ್ತಿ ನಿಮಗೆ ಸಲ್ಲದು ಎಂದು ತಿಳಿಸಿದನು. ದೇವೇಂದ್ರನಾಥರೂ ತಮ್ಮ ಗಿರೀಂದ್ರನಾಥರೂ ಸಮಾಲೋಚಿಸಿ, ಅದನ್ನೂ ಸಾಲಕ್ಕೆ ಒಡ್ಡಿದರು.

ಈ ವೃತ್ತಾಂತ ನಮಗೆ ದೊರೆಯುವುದು ಮುಖ್ಯವಾಗಿ ಮಹರ್ಷಿಗಳ ಆತ್ಮಕಥನದಿಂದ. ವೈರಾಗ್ಯವನ್ನು ಬಯಸಿದವನಿಗೆ ಅದು ತಾನಾಗಿ ಒದಗಿತೆಂಬ ಭಾವ ಅಲ್ಲಿ ಎದ್ದು ಕಾಣುತ್ತದೆ. ಅವರ ಪ್ರಾಮಾಣಿಕತೆಯನ್ನು ಶಂಕಿಸಬೇಕಾಗಿಲ್ಲ. ಆದರೆ ಆ ತ್ಯಾಗಕ್ಕೆ ಒಂದು ವ್ಯಾವಹಾರಿಕ ಫಲವೂ ಇತ್ತೆಂಬುದನ್ನು ಮರೆಯಬಾರದು. ಬಿಕ್ಕಟ್ಟಿನ ವರ್ಷದಲ್ಲಿ ಎಲ್ಲವನ್ನೂ ಹರಾಜಿಗೆ ಹಾಕಿದ್ದರೆ ಸಾಲಿಗರಿಗೆ ಸಿಗುತ್ತಿದ್ದುದು ಅಲ್ಪ. ೧೭೯೩ರ ಕಾಯಂ ಜಮಾಬಂದಿಯಿಂದ ಸರಕಾರಕ್ಕೆ ಸಲ್ಲುವ ಕಂದಾಯ ಸ್ಥಿರವಾಗಿದ್ದುದರಿಂದ, ಜಮೀನನ್ನು ಉಳಿಸಿಕೊಂಡರೆ ಉತ್ಪನ್ನ ಹೆಚ್ಚಿದಂತೆ ಮಿಗುವ ಹಣವೂ ಹೆಚ್ಚುತ್ತಿತ್ತು. ಸಾಲಿಗರು ಅವಸರಪಡಲಿಲ್ಲ. ಆಸ್ತಿಯ ಆಡಳಿತವನ್ನು ತಮ್ಮ ಸಮಿತಿಯೊಂದಕ್ಕೆ ವಹಿಸಿ, ಕುಟುಂಬದ ವೆಚ್ಚಕ್ಕೆ ವರ್ಷಕ್ಕೆ ಇಪ್ಪತ್ತೈದು ಸಾವಿರ ರೂಪಾಯಿ ಗೊತ್ತುಮಾಡಿದರು. ಮುಂದೆ ಆಡಳಿತವನ್ನು ಸಹೋದರರಿಗೇ ಬಿಟ್ಟುಕೊಟ್ಟರು. ಕೊಟ್ಟ ಮಾತಿಗೆ ದೊರೆತದ್ದು ಕಾಲಾವಕಾಶ. ಪತ್ತು ಎಂದರೆ ಅದೇ ಅಲ್ಲವೆ?

ಸ್ಕಾಟ್ಲೆಂಡಿನ ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟರ ಉದಾಹರಣೆ ಇಲ್ಲಿ ಸಹಜವಾಗಿ ನೆನಪಿಗೆ ಬರುತ್ತದೆ. ೧೮೨೬ರಲ್ಲಿ ಸುಮಾರು ೧,೨೦,೦೦೦ ಪೌಂಡುಗಳ ಸಾಲಕ್ಕೆ ಸಿಲುಕಿದ ಅವರು ದಿವಾಳಿಯನ್ನೊಲ್ಲದೆ ಬರೆದು ಬರೆದು ತೀರಿಸತೊಡಗಿ, ೧೮೩೨ರಲ್ಲಿ ಕಣ್ಮುಚ್ಚಿದರು. ಉಳಿದ ಸಾಲ ಅವರ ಗ್ರಂಥಗಳ ಹಕ್ಕಿನಿಂದ ತೀರಿತು. ಆದರೆ ಅವರ ಆಬಟ್ಸ್‌ಫರ್ಡ್ ಮನೆ ಹಿಂದಿನ ವರ್ಷವೇ ಮಗನ ಮದುವೆಯಲ್ಲಿ ಅವನ ಹೆಸರಿಗೆ ನಿಂತಿದ್ದರಿಂದ ಉಳಿದುಕೊಂಡಿತು. ದೇವೇಂದ್ರನಾಥರು ಅಂಥ ಆಸರೆಯನ್ನೇ ಬಿಟ್ಟುಕೊಟ್ಟವರು.

ತಂದೆಯ ಸಾಲವನ್ನು ಮಗನು ತೀರಿಸಬೇಕೆಂಬುದು ನಮ್ಮ ಧರ್ಮಶಾಸ್ತ್ರದ ಹಳೆಯ ವಿಧಿ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯು ಕುಡಿತ, ಜೂಜು, ಕಾಮಗಳಿಗಾಗಿ ಮಾಡಿದ ಸಾಲವನ್ನು ಇದರಿಂದ ಹೊರಗಿಡುತ್ತದೆ. ವಂಗದೇಶದಲ್ಲಿ ದಾಯವಿಭಾಗಕ್ಕೆ ನಡೆಯುತ್ತಿದ್ದುದು ಮಿತಾಕ್ಷರೆಯಲ್ಲ, ಜೀಮೂತವಾಹನನ ದಾಯಭಾಗ. ದೇವೇಂದ್ರನಾಥರಾದರೋ ಶಾಸ್ತ್ರವನ್ನೂ ಕಾನೂನನ್ನೂ ಮೀರಿ ನಡೆದರು: ಕಲಕತ್ತೆಯ ಧರ್ಮಸಂಸ್ಥೆಯೊಂದಕ್ಕೆ ತಂದೆ ಕೊಡುವೆನೆಂದು ಹೇಳಿದ್ದ ಒಂದು ಲಕ್ಷ ರೂಪಾಯಿಯನ್ನು ಬಡ್ಡಿಸಮೇತ ಸಲ್ಲಿಸಿದರು. ಇಷ್ಟಾದರೂ ಎಲ್ಲ ಸಾಲಿಗರೂ ತಾಳ್ಮೆಯುಳ್ಳವರಾಗಿರಲಿಲ್ಲ. ೧೮೫೪ರಲ್ಲಿ ಗಿರೀಂದ್ರನಾಥರು ತೀರಿಕೊಂಡ ಬಳಿಕ ಒಬ್ಬನು ದೇವೇಂದ್ರನಾಥರ ಮೇಲೆ ದಸ್ತಗಿರಿಯ ವಾರಂಟನ್ನೇ ತಂದನು.

ಸಾಲವೇನೋ ತೀರಿತು. ತೀರಿಸಿದವರಾರು? ಈ ಪ್ರಶ್ನೆಯನ್ನು ಚರಿತ್ರಕಾರರು ಕೇಳುವುದು ಅಪರೂಪ. ವ್ಯಾಪಾರದ ನಷ್ಟವನ್ನು ಭರಿಸಿದ್ದು ಪದ್ಮಾತೀರದ ಹಳ್ಳಿಗಳ ಒಕ್ಕಲುಗಳ ಗೇಣಿ. ಆ ರೈತರು ನೀಲಿಯ ಸಟ್ಟಾವ್ಯಾಪಾರದಲ್ಲಿ ಪಾಲುದಾರರಾಗಿರಲಿಲ್ಲ. ಮನೆತನದ ಹೆಸರು ಉಳಿಯಿತಾದರೂ, ಆ ಹೆಸರಿನ ಮೇಲೆ ದೊಡ್ಡ ವ್ಯಾಪಾರ ಮತ್ತೆ ಏಳಲಿಲ್ಲ. ೧೮೮೪ರಲ್ಲಿ ಜ್ಯೋತಿರಿಂದ್ರನಾಥರು ತೊಡಗಿದ ಹಡಗಿನ ಉದ್ಯಮ ನಷ್ಟದಲ್ಲಿಯೇ ಮುಗಿಯಿತು.

ಟ್ರಸ್ಟಿನಿಂದ ಹೊರಬಂದು ಸಾಲಕ್ಕೆ ನಿಂತಿದ್ದ ಅದೇ ಕಾಲಿಗ್ರಾಮದ ಪತಿಸರದಲ್ಲಿ ರವೀಂದ್ರರು ೧೯೦೫ರಲ್ಲಿ ಒಂದು ಕೃಷಿ ಬ್ಯಾಂಕನ್ನು ತೆರೆದರು. ಲೇವಾದೇವಿಯವರಿಗಿಂತ ಕಡಿಮೆ ಬಡ್ಡಿಗೆ ಒಕ್ಕಲುಗಳಿಗೆ ಸಾಲ ಕೊಡುವುದು ಅದರ ಉದ್ದೇಶ. ೧೯೧೩ರ ನೊಬೆಲ್ ಬಹುಮಾನದ ಹಣವನ್ನೂ ಅದರಲ್ಲಿಯೇ ಇಟ್ಟರು. ೧೯೩೦ರ ದಶಕದಲ್ಲಿ ರೈತರ ಸಾಲಭಾರವನ್ನು ಇಳಿಸುವ ಶಾಸನ ವಂಗದೇಶದಲ್ಲಿ ಜಾರಿಗೆ ಬಂದಾಗ, ಆ ಬ್ಯಾಂಕು ಕೊಟ್ಟಿದ್ದ ಸಾಲಗಳು ವಸೂಲಾಗದೆ ಅದು ಮುಚ್ಚಿಹೋಯಿತು.