ಒಂದೇ ಮಾಡೆಲ್, ಎರಡು ದನಿ

ಇಕ್ಕೇರಿ ದೇವಸ್ಥಾನದ ಒಳಗೆ ದನಿ ಕಲ್ಲಿಗೆ ತಾಗಿ ತಿರುಗಿ ಬರುತ್ತೆ. ಅಂಥ ಗುಂಗನ್ನು ಪೆಟ್ಟಿಗೆಗೆ ತುಂಬಿದ್ದು ಅಮೆರಿಕದ ಹ್ಯಾಮಂಡ್ ಕಂಪನಿ. ದೂರದ ಫೋನ್ ಕರೆಯಲ್ಲಿ ಮಾತು ತಡವಾಗುವುದನ್ನು ಪರೀಕ್ಷಿಸಲು ಬೆಲ್ ಲ್ಯಾಬ್ಸ್ ಮಾಡಿಕೊಂಡಿದ್ದ ಸ್ಪ್ರಿಂಗನ್ನು ಅದು ಆರ್ಗನ್‌ಗೆ ಅಳವಡಿಸಿತು. 1963ರಲ್ಲಿ ಫೆಂಡರ್ ಅದನ್ನು ಗಿಟಾರ್ ಆಂಪ್ಲಿಫೈಯರ್ ಒಳಗೇ ಕೂರಿಸಿತು.

ಸ್ಪ್ರಿಂಗಿನ ಬಿಗಿ, ಕೊಂಡಿ, ಕಾಯಿಲ್ ಚೂರು ಹೆಚ್ಚುಕಮ್ಮಿಯಾದ್ರೂ ದನಿ ಬೇರೆ. ಒಂದೇ ನಂಬರಿನ ಎರಡು ಪೆಟ್ಟಿಗೆಗಳಲ್ಲಿ ಒಂದು ಗುಂಯ್ ಅಂದ್ರೆ ಇನ್ನೊಂದು ತಗಡು ಬಡಿದಂಗೆ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಯಕ್ಷಗಾನದವರಿಗೆ ಇದೇನು ಹೊಸದಲ್ಲ. ಒಂದೇ ಕೈ ಮಾಡಿದ ಮದ್ದಳೆಯಾದ್ರೂ ಚರ್ಮ, ಕರಣೆ ನೋಡಿ, ಬಾರಿಸಿಯೇ ಒಯ್ಯೋದು. ಗಿಟಾರಿನವರು ಮಾತ್ರ ಲೇಬಲ್ ನೋಡಿ ಹಳೇ ಹ್ಯಾಮಂಡೇ ಬೇಕು ಅಂತ ಹಟ ಹಿಡೀತಾರೆ. ಅರವತ್ತು ವರ್ಷದ ಕೊಂಡಿ ಸವೆದಿರಲ್ವಾ? ನುಡಿಸಿ ನೋಡದೆ ನಾನಂತೂ ದುಡ್ಡು ಬಿಚ್ಚಲ್ಲ.