ನಮ್ಮ ಸೀಮೆಯ ಕೆರೆ ಮೀನು: ಗಾಳದಿಂದ ಗುತ್ತಿಗೆಯವರೆಗೆ

ಕೆರೆ ಎಂದ ಕೂಡಲೇ ಬಾಗೂರು ಹೋಬಳಿಯ ರೈತನಿಗೆ ತೂಬು, ಕೋಡಿ, ಅಚ್ಚುಕಟ್ಟು ಇವು ನೆನಪಾಗುತ್ತವೆ. ಮೀನು ನೆನಪಾಗುವುದು ಕಟ್ಟಕಡೆಗೆ. ಬೆಳ್ಳಿಹಬ್ಬದ ಈ ಸಂಚಿಕೆಗೆ ಕೆರೆಯ ವಿಚಾರ ಬರೆಯಬೇಕು ಎಂದಾಗ ನಾವು ಮೀನನ್ನೇ ಆರಿಸಿಕೊಂಡೆವು. ಯಾಕೆಂದರೆ ಕೆರೆಯ ನೀರಿನ ಲೆಕ್ಕ ಕೇಳುವವರು ಊರೂರಲ್ಲೂ ಇದ್ದಾರೆ, ಮೀನಿನ ಲೆಕ್ಕ ಕೇಳುವವರು ಕಾಣೆವು.

ಗಾಳ ಹಾಕೋದು ಕೆಲಸವಿಲ್ಲದವರ ಚಟ ಎಂದು ತಿಳಿದವರು ನಮ್ಮಲ್ಲಿ ಬಹಳ. ಆದರೆ ಈ ಚಟಕ್ಕೆ ಕನ್ನಡ ನಾಡಿನಲ್ಲಿ ರಾಜಮರ್ಯಾದೆಯೇ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಸಮುದ್ರದ ಮೀನು ಯಾವುದು, ಸಿಹಿನೀರಿನದು ಯಾವುದು, ಯಾವ ಮೀನಿಗೆ ಯಾವ ತಿನಿಸು ಹಾಕಿ ದಡಕ್ಕೆ ರೂಢಿ ಮಾಡಿಸಬೇಕು, ಗಾಳ ಹೇಗಿರಬೇಕು ಎಲ್ಲವನ್ನೂ ದೊರೆ ಹೇಳಿದ್ದಾನೆ. ಭಾರತೀಯ ಪ್ರಾಣಿ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಈ ಭಾಗವನ್ನು ಓದಿ ವಿವರಿಸಿದರು. ಹಿಡಿಯುವುದಕ್ಕೆ ಮುಂಚೆ ತಿನ್ನಿಸಬೇಕು ಎಂಬ ತಿಳಿವಳಿಕೆ ಆ ಕಾಲಕ್ಕೇ ಇತ್ತು ಅನ್ನುವುದನ್ನು ಗಮನಿಸಬೇಕು.

ನಮ್ಮ ಹಳ್ಳಿಗಳಲ್ಲಿ ವಿನೋದವೂ ಊಟವೂ ಬೇರೆ ಬೇರೆ ಆಗಿರಲಿಲ್ಲ. ಬಿದಿರು ಕಡ್ಡಿ, ದಾರ, ನವಿಲುಗರಿಯ ದಂಟೋ ಜೋಳದ ದಂಟೋ ಒಂದು ಬೆಂಡು, ತಿಪ್ಪೆ ಅಂಚಿನ ಎರೆಹುಳ, ಇಷ್ಟಿದ್ದರೆ ಹುಡುಗರ ಭಾನುವಾರ ಮುಗಿಯಿತು. ಮುಂಗಾರಿನ ಹೊಸ ನೀರು ಬಂದು ಮೀನು ಹಳ್ಳಕ್ಕೆ ಏರುವಾಗ ದೊಡ್ಡವರು ಕೂಳಿ ಇಡುತ್ತಿದ್ದರು. ಬೇಸಿಗೆಯಲ್ಲಿ ನೀರು ಮೊಣಕಾಲಿಗೆ ಇಳಿದಾಗ ಊರಿಗೆ ಊರೇ ಕೆರೆಗೆ ಇಳಿಯುವುದುಂಟು. ಸೊರಬ, ಸಾಗರದ ಕಡೆ ಇದಕ್ಕೆ ಕೆರೆಬೇಟೆ ಎನ್ನುತ್ತಾರೆ. ಅಲ್ಲಿ ಇಳಿಯುವವರು ಕೂಣಿಗೆ ಇಷ್ಟು ಎಂದು ದುಡ್ಡು ಕಟ್ಟುತ್ತಾರೆ, ಆ ದುಡ್ಡು ಊರ ಕೆಲಸಕ್ಕೆ, ದೇವಸ್ಥಾನಕ್ಕೆ ಸೇರುತ್ತದೆ.

ಈ ದುಡ್ಡಿನ ವಿಚಾರ ಹಳೆಯದು. ಬಿ.ಎಲ್. ರೈಸ್ ಸಾಹೇಬರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟದಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಶಾಸನಗಳೂ ಇವೆ. ಕೆರೆ ಕಟ್ಟಿಸಿದವರಿಗೆ, ಕೆರೆಯನ್ನು ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿಗೆ ಕಟ್ಟುಕೊಡಗೆ ಎಂದು ಹೆಸರು. ತಮಿಳುನಾಡಿನ ಹಳೆಯ ಶಾಸನಗಳಲ್ಲಂತೂ ಕೆರೆಯ ಮೀನಿನ ಹುಟ್ಟುವಳಿಯನ್ನೇ ಆ ಕೆರೆಯ ಹೂಳೆತ್ತಲು ಬಿಟ್ಟುಕೊಟ್ಟ ಸಂಗತಿ ಬರುತ್ತದೆ. ಮೀನಿನ ಕಾಸು ಕೆರೆಗೇ ವಾಪಸ್ಸು! ಇವತ್ತಿನ ಹರಾಜಿನ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಓದುಗರೇ ಯೋಚಿಸಲಿ.

ಸರ್ಕಾರದ ಕಾನೂನುಗಳು ಆಮೇಲೆ ಬಂದವು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಭಾರತ ಮೀನುಗಾರಿಕೆ ಕಾಯಿದೆ ಅಪರಾಧ ಎಂದಿತು. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಬೇಟೆ ಮತ್ತು ಮೀನು ಸಂರಕ್ಷಣೆಯ ರೆಗ್ಯುಲೇಷನ್ ಆಯಿತು. ಕರ್ನಾಟಕದ ಒಳನಾಡು ಮೀನುಗಾರಿಕೆ ಕಾಯಿದೆ 1996ರದು.

ಕೆರೆಯ ಹಣೆಬರಹ ನಿಜವಾಗಿ ಬದಲಾದದ್ದು ಕಾಯಿದೆಯಿಂದಲ್ಲ, ಬಿತ್ತನೆ ಮರಿಯಿಂದ. ನಮ್ಮ ಕೆರೆಗಳ ಮೂಲ ಮೀನುಗಳು ಕೊರವ, ಮುರುಗೋಡು, ಚೇಳುಮೀನು, ಹಾವುಮೀನು ಮತ್ತು ಸಣ್ಣಪುಟ್ಟ ಪಕ್ಕೆ ಜಾತಿಗಳು. ಇವುಗಳಲ್ಲಿ ಕೊರವ, ಮುರುಗೋಡು ಮೇಲಿನ ಗಾಳಿಯನ್ನೂ ಉಸಿರಾಡಬಲ್ಲವು, ಕೆರೆ ಒಣಗುತ್ತಾ ಬಂದರೂ ಕೆಸರಿನಲ್ಲಿ ಜೀವ ಹಿಡಿದಿರುತ್ತವೆ. ನಮ್ಮ ಹೋಬಳಿಗೆ ತಕ್ಕ ಮೀನು ಎಂದರೆ ಇವೇ. ನೆಲದಡಿಯ ಬಾಗೂರು–ನವಿಲೆ ಸುರಂಗದಲ್ಲಿ ಹೇಮಾವತಿ ತುಮಕೂರಿನ ಕಡೆಗೆ ಹರಿಯುತ್ತಾಳೆ, ಮಳೆ ಕೈಕೊಟ್ಟ ವರ್ಷ ಮೇಲೆ ಕೆರೆಯ ತಳ ಕಾಣುತ್ತದೆ. ಆ ಗೋಳು ಬೇರೆ, ಅದಕ್ಕೆ ಬೇರೆ ಲೇಖನವೇ ಬೇಕು.

ಕಾಟ್ಲಾ, ರೋಹು, ಮೃಗಾಲ್ ಉತ್ತರದ ದೊಡ್ಡ ಹೊಳೆಗಳ ಮೀನುಗಳು. ನಿಂತ ನೀರಿನಲ್ಲಿ ಇವು ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧರಿಯವರು ಪಿಟ್ಯೂಟರಿ ಗ್ರಂಥಿಯ ರಸ ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಅಲ್ಲಿಂದ ಮುಂದೆ ಮರಿ ಕೊಂಡು ತಂದು ಕೆರೆಗೆ ಬಿಡುವುದು ಸಾಧ್ಯವಾಯಿತು. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಒಂದೇ ಹೊಲದಲ್ಲಿ ರಾಗಿ, ಅವರೆ, ಹುಚ್ಚೆಳ್ಳು ಹಾಕಿದ ಹಾಗೆ. ಲೆಕ್ಕ ಚೆನ್ನಾಗಿದೆ. ಆದರೆ ಕಡ್ಡಿಯಷ್ಟು ಸಣ್ಣ ಮರಿ ತಂದು ಸುರಿದರೆ ಕೊರವನಿಗೆ ಊಟ ಬಡಿಸಿದಂತೆ, ಬೆರಳುದ್ದಕ್ಕೆ ಬೆಳೆಸಿ ಬಿಡಬೇಕು. ಇದನ್ನು ಮೀನುಗಾರಿಕೆ ಇಲಾಖೆಯವರೂ ಹೇಳುತ್ತಾರೆ, ನಡೆಯೋದು ಕಮ್ಮಿ.

ಇವುಗಳ ಜೊತೆ ಕರೆಯದ ನೆಂಟರೂ ಬಂದರು. ನಾವು ಜಿಲೇಬಿ ಎನ್ನುವ ತಿಲಾಪಿಯ 1952ರಲ್ಲಿ ಹೊರದೇಶದಿಂದ ಭಾರತಕ್ಕೆ ಬಂತು. ತಾಯಿ ಬಾಯಲ್ಲೇ ಮೊಟ್ಟೆ ಕಾಯುತ್ತದೆ, ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಕೆರೆ ತುಂಬಾ ಅಂಗೈಯಗಲದ ಮೀನಾಗಿ ಯಾವುದೂ ದೊಡ್ಡದಾಗದೆ ಹೋಗುತ್ತದೆ. ಆಫ್ರಿಕಾದ ಕ್ಯಾಟ್‌ಫಿಶ್ ಇನ್ನೂ ಕೆಟ್ಟದ್ದು, ಕಂಡದ್ದನ್ನೆಲ್ಲ ತಿನ್ನುತ್ತದೆ. ನಿಷೇಧವಾಗಿ ಎಷ್ಟೋ ವರ್ಷವಾಯಿತು, 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವೂ ಕಟ್ಟುನಿಟ್ಟು ಮಾಡಿತು. ಸಂತೆಯಲ್ಲಿ ಅದರ ಮೀಸೆ ಕಂಡರೆ ಯಾರೂ ಕೇಳುವುದಿಲ್ಲ.

ಹಿಡಿದ ಮೀನಿನ ಲೆಕ್ಕ ಇಟ್ಟರೆ ಏನು ಪ್ರಯೋಜನ ಎನ್ನುವವರಿಗೆ ಕಾವೇರಿಯ ಕಥೆ ಹೇಳಬೇಕು. ನಮ್ಮ ಜಿಲ್ಲೆಯದೇ ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ವಹ್ನಿ ಪುಷ್ಕರಿಣಿಯಲ್ಲಿ ದೇವರ ಮೀನಿಗೆ ಭಕ್ತರು ಪುರಿ ಹಾಕುತ್ತಾರೆ, ಅಲ್ಲಿ ಯಾರೂ ಗಾಳ ಇಳಿಸುವುದಿಲ್ಲ. ಕೆಳಗೆ ಮೇಕೆದಾಟಿನ ಆಚೀಚೆ ಮಾತ್ರ ಮಹಶೀರ್ ಹಿಡಿಯಲು ದೇಶವಿದೇಶದ ಶೋಕಿಗಾರರು ಬರುತ್ತಿದ್ದರು. 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ಅಲ್ಲಿನ ನದಿಯ ಒಂದಷ್ಟು ಭಾಗವನ್ನು ವಹಿಸಿಕೊಂಡು ಕಾವಲು ಹಾಕಿತು. ಹಿಡಿದ ಮೀನನ್ನು ತೂಗಿ ನೀರಿಗೇ ಬಿಡಬೇಕು ಎಂಬುದು ಕ್ರಮ. ವನ್ಯಧಾಮದ ಕಾನೂನಿನಿಂದಾಗಿ ಆ ಶೋಕಿ ಈಗ ನಿಂತಿದೆ.

ಗಾಲಿಬೋರೆಯ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಪುಸ್ತಕಗಳು ಉಳಿದಿದ್ದವು. ವಿಜ್ಞಾನಿಗಳು ಅವನ್ನು ತೆರೆದು ನೋಡಿದರು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ವರ್ಷ ವರ್ಷ ಹೆಚ್ಚಿದೆ, ಗಾತ್ರ ಕುಗ್ಗಿದೆ. ಕಾವೇರಿಯದೇ ಆದ ಡುಬ್ಬದ ಮಹಶೀರ್ ಸಂಖ್ಯೆಯಲ್ಲಿ ಕುಸಿದಿದೆ, ಸಿಕ್ಕ ಒಂದೊಂದರ ತೂಕ ಮಾತ್ರ ಜಾಸ್ತಿ. ತೂಕ ಜಾಸ್ತಿ ಆದರೆ ಸಂತೋಷವಲ್ಲವೇ? ಅಲ್ಲ. ಮನೆಯಲ್ಲಿ ಮುದುಕರಷ್ಟೇ ಉಳಿದು ತೊಟ್ಟಿಲು ಕಟ್ಟದೆ ಹೋದ ಹಾಗೆ, ಹೊಸ ಮರಿ ಹುಟ್ಟುತ್ತಿಲ್ಲ ಎಂದು ಅದರ ಅರ್ಥ. 2018ರಲ್ಲಿ ಈ ಮೀನನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದರು. ಶೋಕಿಗಾರರ ಪುಸ್ತಕ ಇಲ್ಲದಿದ್ದರೆ ಒಟ್ಟು ಮೀನು ಹೆಚ್ಚಿದೆ ಎಂದುಕೊಂಡು ಎಲ್ಲರೂ ಸುಮ್ಮನಿರುತ್ತಿದ್ದರು.

ಈಗ ನಮ್ಮ ಕೆರೆಗೆ ಬರೋಣ. ದೊಡ್ಡ ಕೆರೆಗಳ ಮೀನಿನ ಹಕ್ಕು ಇಲಾಖೆಯದು, ಚಿಕ್ಕವುಗಳದು ಪಂಚಾಯ್ತಿಯದು. ಗುತ್ತಿಗೆ ಹಿಡಿದವರು ಮರಿಗೆ ದುಡ್ಡು ಹಾಕಿರುತ್ತಾರೆ, ಅವರ ಸಂಕಟ ಅವರಿಗೆ. ಆದರೆ ಗುತ್ತಿಗೆ ಮುಗಿಯುವ ವರ್ಷ ಸಣ್ಣ ಕಣ್ಣಿನ ಬಲೆ ಎಳೆದು ಮರಿಯನ್ನೂ ತಾಯಿಯನ್ನೂ ಬಾಚುವುದು ಯಾರಿಗೂ ಒಳ್ಳೆಯದಲ್ಲ. ಕೊರವ ಮೀನಿನ ಜೋಡಿ ಕೆಂಪು ಮರಿಗಳ ಹಿಂಡನ್ನು ಕಾಯುತ್ತಾ ಮೇಲೇ ಸುತ್ತುತ್ತಿರುತ್ತದೆ, ಆಗ ಹಿಡಿಯುವುದು ಬಹಳ ಸುಲಭ. ಅಪ್ಪ ಅಮ್ಮ ಹೋದರೆ ಆ ಹಿಂಡನ್ನು ಮಿಕ್ಕ ಮೀನುಗಳು ಅದೇ ದಿನ ಮುಗಿಸುತ್ತವೆ.

ನಮ್ಮ ಸಲಹೆ ದೊಡ್ಡದೇನಲ್ಲ. ಮರಿ ಹಿಂಡು ಕಾಣುವ ಮಳೆಗಾಲದಲ್ಲಿ ಬಲೆ ನಿಲ್ಲಲಿ, ಬಲೆಯ ಕಣ್ಣಿನ ಅಳತೆ ಕರಾರಿನಲ್ಲಿ ಬರಲಿ, ಹರಾಜಿನ ದುಡ್ಡಿನಲ್ಲಿ ಒಂದು ಪಾಲು ಹೂಳಿಗೆ ಇರಲಿ. ಬಿಟ್ಟ ಮರಿ ಎಷ್ಟು, ಯಾವ ಜಾತಿ, ಹಿಡಿದದ್ದು ಎಷ್ಟು ಕೆ.ಜಿ. ಎಂದು ಒಂದು ಪುಸ್ತಕ ಬೇಕು. ದಿನವಹಿ ಬರೆದು ರೂಢಿ ಇರುವ ಸಹಕಾರ ಸಂಘಕ್ಕೆ ಇದು ಹೊಸ ವಿದ್ಯೆಯಲ್ಲ. ಇನ್ನು ಗಾಳದ ಹುಡುಗರು. ಒಂದು ಗಾಳಕ್ಕೆ ದಿನಕ್ಕೆ ಸಿಗುವುದು ನಾಲ್ಕು ಜಿಲೇಬಿ, ಅದನ್ನು ತೆಗೆದಷ್ಟೂ ಕೆರೆಗೆ ಲಾಭವೇ. ಅವರನ್ನು ಏರಿಯ ಮೇಲಿಂದ ಓಡಿಸಬಾರದು ಎಂದೂ ಕರಾರಿನಲ್ಲಿ ಒಂದು ಸಾಲು ಸೇರಿಸಿ ಎಂದು ಮುಂದಿನ ಹರಾಜಿಗೆ ಮೊದಲೇ ಪಂಚಾಯ್ತಿಗೆ ಅರ್ಜಿ ಕೊಡುವವರಿದ್ದೇವೆ. ಸಹಿ ಹಾಕುವವರು ಸಂಘದ ಕಚೇರಿಗೆ ಬರಬಹುದು.