ಪಳಗಿಸುವ ಗಂಡ, ಬಗ್ಗದ ಸಂಕಮ್ಮ

ಈಚಿನ ವರ್ಷಗಳಲ್ಲಿ ‘ಡಾರ್ಕ್ ರೊಮಾನ್ಸ್’ ಎಂಬ ಬಗೆಯ ಇಂಗ್ಲಿಷ್ ಕಾದಂಬರಿಗಳು ನಮ್ಮ ಮನೆಗಳ ಹುಡುಗಿಯರ ಕೈಗೂ ಬಂದಿವೆ. ನಾಯಕಿಯನ್ನು ಹಿಂಬಾಲಿಸುವ, ಹೆದರಿಸುವ, ಕೂಡಿಹಾಕುವ ಪುರುಷನೇ ಅಲ್ಲಿ ನಾಯಕ. ಅವನ ಕ್ರೌರ್ಯವೇ ಅವನ ಪ್ರೇಮದ ಆಳಕ್ಕೆ ಸಾಕ್ಷಿ! ಇದು ಪಶ್ಚಿಮದಿಂದ ಬಂದ ಜಾಡ್ಯವೆಂದು ನಮ್ಮ ಬಂಧುವೊಬ್ಬರು ವ್ಯಥೆಪಟ್ಟರು. ಬೀಜ ಅಲ್ಲಿಯದೇ ಇರಬಹುದು. ಆದರೆ ನಮ್ಮ ನೆಲದಲ್ಲಿಯೂ ಅದು ಹುಲುಸಾಗಿಯೇ ಬೆಳೆದಿದೆ.

ಷೇಕ್ಸ್‌ಪಿಯರ್ ಮಹಾಕವಿ 1590ರ ಸುಮಾರಿಗೆ ‘ದಿ ಟೇಮಿಂಗ್ ಆಫ್ ದಿ ಶ್ರೂ’ ಎಂಬ ಹಾಸ್ಯನಾಟಕವನ್ನು ಬರೆದನು. ಬಾಯಿಜೋರಿನ ಹೆಂಡತಿಯನ್ನು ಗಂಡನು ಉಪವಾಸ ಕೆಡವಿ, ನಿದ್ದೆಗೆಡಿಸಿ, ಹಗಲನ್ನು ಇರುಳೆನ್ನಿಸಿ ಪಳಗಿಸುವುದೇ ಅದರ ವಸ್ತು. ಪರ್ವತವಾಣಿಯವರು ಇದನ್ನು ‘ಬಹದ್ದೂರ್ ಗಂಡ’ ಎಂಬ ಹೆಸರಿನಲ್ಲಿ ಕನ್ನಡ ರಂಗಭೂಮಿಗೆ ಒಗ್ಗಿಸಿದರು. 1976ರಲ್ಲಿ ಡಾ. ರಾಜಕುಮಾರ್ ಮತ್ತು ಜಯಂತಿಯವರ ‘ಬಹದ್ದೂರ್ ಗಂಡು’ ಅದೇ ಜಾಡು ಹಿಡಿಯಿತು. 1989ರಲ್ಲಿ ‘ನಂಜುಂಡಿ ಕಲ್ಯಾಣ’ವೂ ಹಿಡಿಯಿತು. ನಮ್ಮ ನಂಜನಗೂಡಿನ ಸ್ವಾಮಿಯ ಹೆಸರು ಹೊತ್ತ ಆ ಚಿತ್ರದಿಂದ ಮಾಲಾಶ್ರೀ ಕನ್ನಡಿಗರ ಮನೆಮಾತಾದರು. ಈ ಎರಡು ಚಿತ್ರಗಳ ನಡುವೆ, 1983ರಲ್ಲಿ, ಹೆಂಡತಿಯ ಮೇಲಿನ ಕ್ರೌರ್ಯವನ್ನು ಅಪರಾಧವೆಂದು ಸಾರುವ 498-ಎ ಕಲಮು ದಂಡಸಂಹಿತೆಗೆ ಸೇರಿತ್ತು. ಕಾನೂನು ಬದಲಾದರೂ ಗಯ್ಯಾಳಿಯನ್ನು ಮಣಿಸುವ ಗಂಡಿಗೆ ಬೀಳುವ ಚಪ್ಪಾಳೆ ಬದಲಾಗಲಿಲ್ಲ. ಆ ಚಿತ್ರಗಳ ಹಾಡು, ಹಾಸ್ಯ, ಅಭಿನಯ ಎಲ್ಲವೂ ಸೊಗಸೇ. ಆ ಸೊಗಸಿನಿಂದಲೇ ಒಳಗಿನ ಕಹಿ ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ.

ನಮ್ಮ ಪ್ರಾಚೀನರು ಇದನ್ನು ಕಂಡಿರಲಿಲ್ಲವೆಂದಲ್ಲ. ಸೋಮನಾಥಪುರದ ದೇಗುಲ ಏಳುವುದಕ್ಕೆ ಸುಮಾರು ಅರ್ಧಶತಮಾನ ಮೊದಲು, 1209ರಲ್ಲಿ, ಜನ್ನನು ‘ಯಶೋಧರ ಚರಿತೆ’ಯನ್ನು ರಚಿಸಿದನು. ಅದರಲ್ಲಿ ರಾಣಿ ಅಮೃತಮತಿ ತಡವಾಗಿ ಬಂದಳೆಂದು ಮಾವುತನು ಅವಳನ್ನು ಹೊಡೆಯುತ್ತಾನೆ. ಅವಳು ಅವನನ್ನೇ ಬೇಡಿಕೊಳ್ಳುತ್ತಾಳೆ. ಜನ್ನನು ಆ ಹೊಡೆತಕ್ಕೆ ಸಕ್ಕರೆ ಸವರಲಿಲ್ಲ. ಆದರೆ ಕಾವ್ಯದ ಕೋಪವೆಲ್ಲ ಅವಳ ಮೇಲೆಯೇ ಹರಿಯಿತು, ಹೊಡೆದವನ ಮೇಲಲ್ಲ. ತರಗತಿಗಳಲ್ಲಿಯೂ ನಾವು ಅವಳ ‘ಪತನ’ವನ್ನೇ ಚರ್ಚಿಸಿದೆವು.

ಓದುಬರಹವಿಲ್ಲದ ನಮ್ಮ ಕಂಸಾಳೆಯವರು ಬೇರೊಂದು ದಾರಿ ಹಿಡಿದಿದ್ದರು. ನಂಜನಗೂಡು, ತಿ. ನರಸೀಪುರ, ಚಾಮರಾಜನಗರ ಸೀಮೆಯಲ್ಲಿ ದೇವರಗುಡ್ಡರು ರಾತ್ರಿಯಿಡೀ ಹಾಡುವ ಮಲೆಯ ಮಾದೇಶ್ವರ ಕಾವ್ಯದಲ್ಲಿ ‘ಸಂಕಮ್ಮನ ಸಾಲು’ ಎಂಬ ಭಾಗವಿದೆ. (ಈ ಮಹಾಕಾವ್ಯವನ್ನು ಡಾ. ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು.) ಸೋಲಿಗರ ನೀಲೇಗೌಡ ಕಾಡಿಗೆ ಹೊರಡುವ ಮುನ್ನ, ತಾನು ಬರುವವರೆಗೆ ಶೀಲವಂತಳಾಗಿರುವೆನೆಂದು ಕೈಮುಟ್ಟಿ ಭಾಷೆ ಕೊಡೆಂದು ಹೆಂಡತಿಯನ್ನು ಕೇಳುತ್ತಾನೆ. ಸಂಕಮ್ಮ ಒಪ್ಪುವುದಿಲ್ಲ. ತಪ್ಪು ಮಾಡದವಳು ಭಾಷೆ ಏಕೆ ಕೊಡಬೇಕೆಂಬುದು ಅವಳ ವಾದ. ಅವನು ಅವಳನ್ನು ಹಿಂಸಿಸಿ, ಅಡವಿಯ ಗುಡಿಸಿಲಿನಲ್ಲಿ ಅಲುಗಾಡದಂತೆ ಬಂಧಿಸಿ ಹೊರಟುಹೋಗುತ್ತಾನೆ.

ಹಿಂಬಾಲಿಸುವುದು, ಶಂಕಿಸುವುದು, ಕೂಡಿಹಾಕುವುದು – ಇಂದಿನ ಕಾದಂಬರಿಗಳ ಸರಕೆಲ್ಲ ಇಲ್ಲಿಯೂ ಇದೆ. ಆದರೆ ಹಾಡುಗಾರ ಅದನ್ನು ಒಲವೆಂದು ಕರೆಯುವುದಿಲ್ಲ; ಅದು ಸಂಕಮ್ಮನ ಗೋಳು. ಆ ಗೋಳನ್ನು ಕೇಳಿ ಮಾದಪ್ಪ ಜಂಗಮನಾಗಿ ಗುಡಿಸಿಲಿಗೆ ಬರುತ್ತಾನೆ. ‘ಹೊಂದಿಕೊಂಡು ಹೋಗು ತಾಯಿ’ ಎಂಬ ಹಿರಿಯರ ಉಪದೇಶ ಅವನ ಬಾಯಲ್ಲಿ ಬರುವುದಿಲ್ಲ. ಬಿಡುಗಡೆ ಮಾಡಿ ಮಕ್ಕಳ ವರ ಕೊಡುತ್ತಾನೆ. ಮರಳಿ ಬಂದ ನೀಲೇಗೌಡ ಮತ್ತೆ ಶಂಕಿಸಿ ಸತ್ಯಪರೀಕ್ಷೆಗೆ ಒಡ್ಡಿದಾಗಲೂ ಗೆಲ್ಲುವವಳು ಸಂಕಮ್ಮನೇ. ಅವಳ ಮಕ್ಕಳಾದ ಕಾರಯ್ಯ, ಬಿಲ್ಲಯ್ಯರ ಹೆಸರನ್ನು ಗುಡ್ಡರು ಇಂದಿಗೂ ಮಾದಪ್ಪನ ಹೆಸರಿನೊಡನೆ ಹಾಡುತ್ತಾರೆ.